ಕ್ಯಾಬಿನ್ ಸಿಬ್ಬಂದಿ ಸಂಘ ಮತ್ತು ಖರ್ಚು ಉಳಿತಾಯದ ಮಾತುಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನಯಾನ ಸಂಸ್ಥೆಯೊಂದು ನಷ್ಟಕ್ಕೆ ಸಿಲುಕಿದಾಗ, ಆಡಳಿತ ವರ್ಗವು ಕ್ಯಾಬಿನ್ ಸಿಬ್ಬಂದಿಯ ಸಂಘವನ್ನು ಕರೆದು ವರ್ಷಕ್ಕೆ ಇಷ್ಟು ಕೋಟಿ ಉಳಿಸಿಕೊಡಬೇಕೆಂದು ಕೇಳುವುದು ಈ ಉದ್ಯಮದಲ್ಲಿ ಹೊಸದಲ್ಲ. ಆದರೆ ಆ ಮಾತುಕತೆಯಲ್ಲಿ ನಿಜವಾಗಿ ಏನು ಕೈಬದಲಾಗುತ್ತದೆ ಎಂಬುದು ಹೊರಗಿನವರಿಗೆ ಹಾಗಿರಲಿ, ಮತ ಹಾಕಬೇಕಾದ ಎಷ್ಟೋ ಸದಸ್ಯರಿಗೂ ಸ್ಪಷ್ಟವಾಗಿರುವುದಿಲ್ಲ. ಸದಸ್ಯರು, ಅವರ ಕುಟುಂಬದವರು ಮತ್ತು ಪ್ರಯಾಣಿಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಇಂಧನವೇ ದೊಡ್ಡ ಖರ್ಚಾಗಿರುವಾಗ ಆಡಳಿತ ವರ್ಗ ಸಿಬ್ಬಂದಿಯ ಕಡೆಗೇ ಏಕೆ ತಿರುಗುತ್ತದೆ?

ಇಂಧನದ ದರವನ್ನು ಮಾರುಕಟ್ಟೆ ನಿರ್ಧರಿಸುತ್ತದೆ. ವಿಮಾನಗಳ ಬಾಡಿಗೆ ವರ್ಷಗಳ ಹಿಂದೆಯೇ ಸಹಿಯಾದ ಕರಾರಿನಲ್ಲಿರುತ್ತದೆ, ನಿಲ್ದಾಣದ ಶುಲ್ಕವನ್ನು ನಿಲ್ದಾಣದವರು ಹೇಳಿದಷ್ಟೇ ಕಟ್ಟಬೇಕು. ದೊಡ್ಡ ಖರ್ಚುಗಳ ಪೈಕಿ ಎದುರಿಗೆ ಕೂರಿಸಿಕೊಂಡು ಮಾತನಾಡಿ ಇಳಿಸಬಹುದಾದದ್ದು ಸಿಬ್ಬಂದಿ ವೆಚ್ಚ ಒಂದೇ. ಕ್ಯಾಬಿನ್ ಸಿಬ್ಬಂದಿಯಲ್ಲಿ ಒಬ್ಬೊಬ್ಬರ ಸಂಬಳ ಪೈಲಟ್‌ಗಳ ಸಂಬಳಕ್ಕಿಂತ ಬಹಳ ಕಡಿಮೆಯಾದರೂ ಅವರ ಸಂಖ್ಯೆ ದೊಡ್ಡದು. ಹಾಗಾಗಿ ಪ್ರತಿ ಹಾರಾಟದಲ್ಲಿ ಒಬ್ಬರನ್ನು ಕಡಿಮೆ ಮಾಡಿದರೂ, ಹೊರಊರಿನ ತಂಗುವಿಕೆಯಲ್ಲಿ ಒಂದು ರಾತ್ರಿಯನ್ನು ಕತ್ತರಿಸಿದರೂ ವರ್ಷದ ಕೊನೆಗೆ ಅದು ದೊಡ್ಡ ಮೊತ್ತವಾಗುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಏನನ್ನು ಕೇಳುತ್ತಾರೆ, ಎಷ್ಟು ಕಾಲಕ್ಕೆ ಕೇಳುತ್ತಾರೆ ಎಂಬುದನ್ನೇ ಗಮನಿಸಬೇಕು.

ಉಳಿತಾಯವೆಂದರೆ ಸಂಬಳ ಕಡಿತವೇ?

ಸಂಬಳ ಕಡಿತ ಒಂದು ಬಗೆ ಮಾತ್ರ, ಮತ್ತು ಹಲವು ಸಲ ಅದು ಅತಿ ಚಿಕ್ಕ ಬಗೆ. ಕ್ಯಾಬಿನ್ ಸಿಬ್ಬಂದಿಯ ಆದಾಯದಲ್ಲಿ ಮೂಲ ವೇತನದ ಜೊತೆಗೆ ಹಾರಾಟದ ಗಂಟೆಗೆ ಸಿಗುವ ಹಣ, ಹೊರಊರಿನಲ್ಲಿ ತಂಗಿದಾಗಿನ ಊಟದ ಭತ್ಯೆ, ಪಾಳಿ ತಡವಾದಾಗಿನ ಹೆಚ್ಚುವರಿ, ಮಾರಾಟದ ಮೇಲಿನ ಕಮಿಷನ್ ಎಲ್ಲವೂ ಸೇರಿರುತ್ತವೆ. ಮೂಲ ವೇತನಕ್ಕೆ ಕೈ ಹಚ್ಚಿಲ್ಲ ಎಂದು ಆಡಳಿತ ವರ್ಗ ಹೇಳಿದರೆ ಅದು ಅಕ್ಷರಶಃ ನಿಜವಾಗಿರಬಹುದು, ಆದರೂ ತಿಂಗಳ ಕೊನೆಗೆ ಕೈಗೆ ಬರುವ ಹಣ ಕಡಿಮೆಯಾಗಿರಬಹುದು.

ಇದರ ಆಚೆಗೆ ಕೆಲಸದ ನಿಯಮಗಳೆಂಬ ದೊಡ್ಡ ಕ್ಷೇತ್ರವಿದೆ. ಒಂದು ವಿಮಾನಕ್ಕೆ ಎಷ್ಟು ಜನ, ತಿಂಗಳಿಗೆ ಗರಿಷ್ಠ ಎಷ್ಟು ಗಂಟೆ, ಎರಡು ಹಾರಾಟಗಳ ನಡುವೆ ಎಷ್ಟು ವಿಶ್ರಾಂತಿ, ಕರೆ ಬಂದರೆ ಹೊರಡಲು ಸಿದ್ಧರಿರಬೇಕಾದ ಸ್ಟ್ಯಾಂಡ್‌ಬೈ ದಿನಗಳು ಎಷ್ಟು, ರೋಸ್ಟರ್ ಎಂಬ ಪಾಳಿ ಪಟ್ಟಿ ಎಷ್ಟು ದಿನ ಮೊದಲು ಕೈಗೆ ಸಿಗಬೇಕು, ಸೇವಾ ಹಿರಿತನದ ಮೇಲೆ ಹಾರಾಟಗಳನ್ನು ಆರಿಸಿಕೊಳ್ಳುವ ಹಕ್ಕು ಯಾರಿಗೆ ಎಂಬ ಪ್ರತಿಯೊಂದು ಸಾಲಿಗೂ ಒಂದು ಬೆಲೆಯಿದೆ. ಸಂಬಳದ ಶೇಕಡಾವಾರು ಕಣ್ಣಿಗೆ ಬೇಗ ಬೀಳುತ್ತದೆ. ಈ ಸಾಲುಗಳು ಬೀಳುವುದಿಲ್ಲ, ಆದರೆ ಬದುಕಿನ ಮೇಲೆ ಹೆಚ್ಚು ಭಾರ ಹಾಕುವವು ಇವೇ. ಕೊಟ್ಟ ಹಣ ಮುಂದಿನ ಒಪ್ಪಂದದಲ್ಲಿ ಮರಳಿ ಬಂದ ಉದಾಹರಣೆಗಳಿವೆ. ಬಿಟ್ಟುಕೊಟ್ಟ ನಿಯಮ ಮರಳಿ ಬರುವುದು ಅಪರೂಪ. ಮುಂದಿನ ಉತ್ತರಗಳನ್ನು ಓದುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ವಿಮಾನದಲ್ಲಿ ಕನಿಷ್ಠ ಎಷ್ಟು ಸಿಬ್ಬಂದಿ ಇರಬೇಕೆಂದು ಕಾನೂನೇ ಹೇಳುವುದಿಲ್ಲವೇ?

ಹೇಳುತ್ತದೆ, ಆದರೆ ಅದು ಸುರಕ್ಷತೆಗೆ ಬೇಕಾದ ಕನಿಷ್ಠ ಸಂಖ್ಯೆ. ಅಮೆರಿಕ, ಯೂರೋಪ್ ಸೇರಿದಂತೆ ಹೆಚ್ಚಿನ ಕಡೆ ಪ್ರತಿ 50 ಆಸನಗಳಿಗೆ ಒಬ್ಬರಂತೆ ಕ್ಯಾಬಿನ್ ಸಿಬ್ಬಂದಿ ಇರಬೇಕೆಂಬುದು ಮೂಲ ನಿಯಮ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡುಗಳೊಳಗೆ ವಿಮಾನವನ್ನು ಖಾಲಿ ಮಾಡಲು ಸಾಧ್ಯ ಎಂಬುದನ್ನು ತಯಾರಕರು ತೋರಿಸಿಕೊಡಬೇಕಾದ ಪರೀಕ್ಷೆಯೂ ಈ ಲೆಕ್ಕದೊಂದಿಗೆ ಸೇರಿಕೊಂಡಿದೆ. ದೂರದ ಹಾರಾಟ ನಡೆಸುವ ದೊಡ್ಡ ಸಂಸ್ಥೆಗಳು ಸೇವೆಗಾಗಿ ಈ ಕನಿಷ್ಠಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುತ್ತವೆ. ಮಾತುಕತೆ ನಡೆಯುವುದು ಈ ಹೆಚ್ಚುವರಿ ಸಂಖ್ಯೆಯ ಮೇಲೆಯೇ.

ಬ್ರಿಟಿಷ್ ಏರ್‌ವೇಸ್ 2009ರ ನವೆಂಬರ್‌ನಲ್ಲಿ ಹೀಥ್ರೂ ನಿಲ್ದಾಣದಿಂದ ಹೊರಡುವ ಬೋಯಿಂಗ್ 747 ದೂರ ಹಾರಾಟಗಳಲ್ಲಿ 15 ಜನರ ತಂಡವನ್ನು 14ಕ್ಕೆ ಇಳಿಸಿತು. ಒಬ್ಬರು ಕಡಿಮೆಯಾದರೆ ಏನು ಮಹಾ ಎಂದು ಅನೇಕರು ಆಗ ಕೇಳಿದ್ದರು. ಆ ಒಬ್ಬರ ಕೆಲಸ ಎಲ್ಲಿಗೂ ಹೋಗುವುದಿಲ್ಲ ಎಂಬುದೇ ಅದಕ್ಕೆ ಉತ್ತರ. ಅಲ್ಲಿಯವರೆಗೆ ಇಡೀ ಕ್ಯಾಬಿನ್‌ನ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಹಿರಿಯ ಮುಖ್ಯಸ್ಥರು ಈಗ ತಾವೇ ಸೇವೆಗೆ ಇಳಿಯಬೇಕು. ಅವರು ಊಟದ ಟ್ರಾಲಿಯ ಹಿಂದೆ ಸಾಲಿನ ನಡುವೆ ಸಿಕ್ಕಿಕೊಂಡಿರುವಾಗಲೇ ಮುಂದಿನ ಕ್ಯಾಬಿನ್‌ನಲ್ಲಿ ಯಾರಿಗೋ ಎದೆನೋವು ಬರುತ್ತದೆ, ಹಿಂದಿನ ಗ್ಯಾಲಿಯಲ್ಲಿ ಓವನ್ ಕೈಕೊಡುತ್ತದೆ, ಯಾರೋ ಕುಡಿದು ಗಲಾಟೆ ಎಬ್ಬಿಸುತ್ತಾರೆ. ಆಡಳಿತ ವರ್ಗದ ಹಾಳೆಯಲ್ಲಿ ಒಂದು ಸಂಬಳ ಉಳಿದಂತೆ ಕಾಣುವುದು ವಿಮಾನದೊಳಗೆ ಉಳಿದ 14 ಜನರಿಗೆ ಹಂಚಿಹೋದ ಕೆಲಸವಾಗಿರುತ್ತದೆ.

ಹಾಗೆಂದು ಪ್ರತಿ ಕಡಿತವೂ ಅನ್ಯಾಯ ಎನ್ನಲಾಗದು. ಊಟದ ಸುತ್ತುಗಳನ್ನು ಕಡಿಮೆ ಮಾಡಿ ಒಬ್ಬರನ್ನು ಕಡಿಮೆ ಮಾಡುವುದು ಬೇರೆ, ಅದೇ ಸೇವೆಯನ್ನು ಉಳಿಸಿಕೊಂಡು ಒಬ್ಬರನ್ನು ಕಡಿಮೆ ಮಾಡುವುದು ಬೇರೆ. ಸಂಘ ಕೇಳಬೇಕಾದ ಮೊದಲ ಪ್ರಶ್ನೆ ಜನ ಎಷ್ಟು ಕಡಿಮೆ ಎಂಬುದಲ್ಲ, ಕೆಲಸ ಯಾವುದು ಕಡಿಮೆ ಎಂಬುದು.

ಪ್ರಯಾಣಿಕರು ಹತ್ತುವಾಗ ಮಾಡುವ ಕೆಲಸಕ್ಕೆ ಸಂಬಳವಿಲ್ಲ ಎಂಬುದು ನಿಜವೇ?

ಅನೇಕ ಸಂಸ್ಥೆಗಳಲ್ಲಿ, ವಿಶೇಷವಾಗಿ ಉತ್ತರ ಅಮೆರಿಕದಲ್ಲಿ, ಇದು ಬಹುಕಾಲ ನಿಜವಾಗಿತ್ತು. ಕೆಲವು ಕಡೆ ಈಗಲೂ ನಿಜ. ಅಲ್ಲಿ ಗಂಟೆಯ ವೇತನದ ಗಡಿಯಾರ ಓಡಲು ಆರಂಭಿಸುವುದು ವಿಮಾನ ತನ್ನ ಜಾಗದಿಂದ ಕದಲಿದ ಮೇಲೆ. ಅದಕ್ಕೆ ಮೊದಲಿನ ಹೊತ್ತಿನಲ್ಲಿ ತುರ್ತು ಉಪಕರಣಗಳ ತಪಾಸಣೆ ನಡೆಯುತ್ತದೆ, ಮೇಲಿನ ಗೂಡಿನಲ್ಲಿ ಹಿಡಿಸದ ಚೀಲಕ್ಕೆ ಜಾಗ ಹುಡುಕಬೇಕಾಗುತ್ತದೆ, ಆಸನ ಅದಲುಬದಲಿನ ತಕರಾರು ಬಗೆಹರಿಸಬೇಕಾಗುತ್ತದೆ, ಗಾಲಿಕುರ್ಚಿಯಲ್ಲಿ ಬಂದವರನ್ನು ಕೂರಿಸಬೇಕಾಗುತ್ತದೆ. ಇಡೀ ಪಯಣದಲ್ಲಿ ಅತಿ ಗಡಿಬಿಡಿಯ ಅರ್ಧ ಗಂಟೆ ಇದು. ಅದೇ ಅರ್ಧ ಗಂಟೆಗೆ ಪೂರ್ಣ ಕೂಲಿಯಿರಲಿಲ್ಲ.

ಡೆಲ್ಟಾ ಏರ್‌ಲೈನ್ಸ್ 2022ರ ಜೂನ್‌ನಿಂದ ಹತ್ತಿಸುವ ಸಮಯಕ್ಕೆ ಗಂಟೆಯ ದರದ ಅರ್ಧದಷ್ಟು ಹಣ ಕೊಡಲು ಆರಂಭಿಸಿತು. ಅಲ್ಲಿನ ಕ್ಯಾಬಿನ್ ಸಿಬ್ಬಂದಿಗೆ ಸಂಘವೇ ಇರಲಿಲ್ಲ, ಆದರೆ ಸಂಘ ಕಟ್ಟುವ ಪ್ರಯತ್ನ ಅದೇ ಹೊತ್ತಿಗೆ ಜೋರಾಗಿ ನಡೆದಿತ್ತು. ಎರಡಕ್ಕೂ ಸಂಬಂಧವಿಲ್ಲ ಎಂದು ನಂಬುವುದು ಕಷ್ಟ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ 10,000ಕ್ಕೂ ಹೆಚ್ಚು ಸಿಬ್ಬಂದಿ ಮುಷ್ಕರ ಹೂಡಿದಾಗ ನೆಲದ ಮೇಲಿನ ಈ ಕೂಲಿಯಿಲ್ಲದ ಕೆಲಸವೇ ಅವರ ಮುಖ್ಯ ಅಹವಾಲಾಗಿತ್ತು.

ಉಳಿತಾಯದ ಮಾತುಕತೆಯಲ್ಲಿ ಇದು ಏಕೆ ಮುಖ್ಯ? ಎರಡು ಹಾರಾಟಗಳ ನಡುವಿನ ಅವಧಿಯನ್ನು ಕುಗ್ಗಿಸಿ ಅದೇ ವಿಮಾನವನ್ನು ದಿನಕ್ಕೆ ಇನ್ನೊಂದು ಸಲ ಹಾರಿಸುವುದು ಆಡಳಿತ ವರ್ಗಕ್ಕೆ ಪ್ರಿಯವಾದ ಉಳಿತಾಯ. ಆಗ ಹತ್ತಿಸುವ ಇಳಿಸುವ ಸುತ್ತುಗಳು ಹೆಚ್ಚುತ್ತವೆ. ಗಡಿಯಾರದ ನಿಯಮ ಹಳೆಯದೇ ಆಗಿದ್ದರೆ ಸಿಬ್ಬಂದಿಯ ದುಡಿಮೆ ಹೆಚ್ಚಿದಷ್ಟು ಸಂಬಳ ಹೆಚ್ಚುವುದಿಲ್ಲ.

ಉಳಿತಾಯದ ಮೊತ್ತವನ್ನು ಲೆಕ್ಕ ಹಾಕುವವರು ಯಾರು? ಆಡಳಿತ ವರ್ಗದ ಲೆಕ್ಕಕ್ಕೂ ಸಂಘದ ಲೆಕ್ಕಕ್ಕೂ ಅಷ್ಟೊಂದು ಅಂತರವೇಕೆ?

ಮಾತುಕತೆಯ ಅರ್ಧ ಜಗಳ ಇಲ್ಲಿಯೇ ನಡೆಯುತ್ತದೆ. ಸಂಘವು ತಾನು ಇಷ್ಟು ಕೋಟಿ ಉಳಿಸಿಕೊಟ್ಟಿದ್ದೇನೆ ಎನ್ನುತ್ತದೆ, ಆಡಳಿತ ವರ್ಗವು ಅದರಲ್ಲಿ ಅರ್ಧವೂ ನಿಜವಾದ ಉಳಿತಾಯವಲ್ಲ ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದೇನೂ ಇಲ್ಲ. ಯಾವ ವರ್ಷದ ಖರ್ಚಿಗೆ ಹೋಲಿಸುತ್ತಾರೆ, ಒಂದೇ ಸಲದ ಉಳಿತಾಯವೋ ಪ್ರತಿ ವರ್ಷದ್ದೋ, ಹೇಗೂ ಆಗಲಿದ್ದ ನಿವೃತ್ತಿಗಳನ್ನು ಉಳಿತಾಯದ ಖಾತೆಗೆ ಸೇರಿಸಿದ್ದಾರೋ ಇಲ್ಲವೋ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ.

ಒಂದೇ ಉಳಿತಾಯವನ್ನು ಎರಡು ಸಲ ಎಣಿಸುವುದು ಸಾಮಾನ್ಯವಾಗಿ ಕಾಣುವ ಇನ್ನೊಂದು ತೊಡಕು. ಕಲ್ಪಿತ ಸಂಸ್ಥೆಯೊಂದನ್ನು ತೆಗೆದುಕೊಳ್ಳೋಣ. ಅದರ ದೂರ ಹಾರಾಟದಲ್ಲಿ 12 ಜನರಿದ್ದು, ಹೊರಊರಿನಲ್ಲಿ 2 ರಾತ್ರಿ ತಂಗುತ್ತಾರೆ ಎಂದಿಟ್ಟುಕೊಂಡರೆ ಪ್ರತಿ ಹಾರಾಟಕ್ಕೆ 24 ಹೋಟೆಲ್ ಕೊಠಡಿ-ರಾತ್ರಿಗಳಾದವು. ಒಬ್ಬರನ್ನು ಮಾತ್ರ ಕಡಿಮೆ ಮಾಡಿದರೆ 22, ಅಂದರೆ 2 ಉಳಿಯಿತು. ಒಂದು ರಾತ್ರಿಯನ್ನು ಮಾತ್ರ ಕಡಿಮೆ ಮಾಡಿದರೆ 12, ಅಂದರೆ 12 ಉಳಿಯಿತು. ಎರಡೂ ಪ್ರಸ್ತಾವಗಳನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದು ಕೂಡಿಸಿದವರು 14 ಉಳಿದವೆಂದು ತೋರಿಸುತ್ತಾರೆ. ಆದರೆ ಎರಡನ್ನೂ ಒಟ್ಟಿಗೆ ಜಾರಿ ಮಾಡಿದಾಗ 11 ಜನ ಒಂದು ರಾತ್ರಿ ತಂಗುತ್ತಾರೆ, ಉಳಿಯುವುದು 13 ಮಾತ್ರ. ದಿನಕ್ಕೆ 20 ಹಾರಾಟಗಳಿದ್ದರೆ ಈ ಒಂದರ ವ್ಯತ್ಯಾಸವೇ ವರ್ಷಕ್ಕೆ 7,300 ಕೊಠಡಿ-ರಾತ್ರಿಗಳಾಗುತ್ತದೆ. ಆ ಕೊರತೆ ಆರು ತಿಂಗಳ ನಂತರ ಬಯಲಾದಾಗ ಒಪ್ಪಿದ ಗುರಿ ಮುಟ್ಟಿಲ್ಲವೆಂದು ಸಂಘದ ಮುಂದೆ ಮತ್ತೊಂದು ಬೇಡಿಕೆ ಬರುತ್ತದೆ.

ಆದ್ದರಿಂದ ಎರಡೂ ಕಡೆಯವರು ಒಪ್ಪುವ ಲೆಕ್ಕ ಪರಿಶೋಧಕರನ್ನು ನೇಮಿಸಿ, ಅವರಿಗೆ ಸಂಸ್ಥೆಯ ಮೂಲ ಅಂಕಿಅಂಶಗಳನ್ನು ತೆರೆದಿಡುವುದು ಮಾತುಕತೆಯ ಮೊದಲ ವಾರದಲ್ಲೇ ಆಗಬೇಕಾದ ಕೆಲಸ. ಗೌಪ್ಯತೆಯ ಕರಾರಿಗೆ ಸಹಿ ಹಾಕಿಯಾದರೂ ಸರಿ, ಪುಸ್ತಕ ನೋಡದೆ ಮೊತ್ತವನ್ನು ಒಪ್ಪಿಕೊಳ್ಳಬಾರದು.

ಕಷ್ಟ ಕಳೆದ ಮೇಲೆ ಬಿಟ್ಟುಕೊಟ್ಟದ್ದು ಮರಳಿ ಸಿಗುತ್ತದೆಯೇ?

ಬರೆದಿದ್ದರೆ ಸಿಗಬಹುದು, ಬರೆಯದಿದ್ದರೆ ಸಿಗುವುದಿಲ್ಲ. ಕಡಿತಕ್ಕೆ ಕೊನೆಯ ದಿನಾಂಕವಿರಬೇಕು, ಇಲ್ಲವೇ ಸಂಸ್ಥೆಯ ಲಾಭ ಇಂತಿಷ್ಟನ್ನು ದಾಟಿದಾಗ ಹಳೆಯ ದರ ತಾನಾಗಿ ಜಾರಿಗೆ ಬರಬೇಕೆಂಬ ಷರತ್ತಿರಬೇಕು. ಕಷ್ಟ ಮುಗಿದ ನಂತರ ಪರಿಶೀಲಿಸಲಾಗುವುದು ಎಂಬ ವಾಕ್ಯ ಯಾರನ್ನೂ ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ತಾತ್ಕಾಲಿಕ ಸಂಕಟವನ್ನು ತೋರಿಸಿ ಶಾಶ್ವತ ಬದಲಾವಣೆ ಕೇಳುತ್ತಾರೆ ಎಂಬ ದೂರು 2009ರಲ್ಲೂ ಕೇಳಿಬಂದಿತ್ತು, 2020ರ ಕೋವಿಡ್ ಕಾಲದಲ್ಲೂ ಕೇಳಿಬಂತು. ಆಡಳಿತ ವರ್ಗದ ವಾದಕ್ಕೂ ಬೆಲೆಯಿದೆ: ಕಡಿಮೆ ದರದ ಸ್ಪರ್ಧಿಗಳು ಮಾರುಕಟ್ಟೆಯಲ್ಲಿ ಶಾಶ್ವತವಾಗಿ ಇರುವಾಗ ಖರ್ಚನ್ನು ತಾತ್ಕಾಲಿಕವಾಗಿ ಮಾತ್ರ ಇಳಿಸಿದರೆ ಸಾಲದು ಎಂದು ಅವರು ಹೇಳುತ್ತಾರೆ. ಆದರೆ ಆ ವಾದವನ್ನು ಅದರ ಹೆಸರಿನಲ್ಲೇ ಮಂಡಿಸಬೇಕೇ ಹೊರತು ಈ ವರ್ಷದ ನಷ್ಟದ ನೆಪದಲ್ಲಿ ಅಲ್ಲ.

ಈಗಿರುವವರನ್ನು ಮುಟ್ಟುವುದಿಲ್ಲ, ಹೊಸಬರಿಗೆ ಮಾತ್ರ ಕಡಿಮೆ ಸಂಬಳ ಎಂದರೆ ಒಪ್ಪಬಹುದೇ?

ಮತದಾನದಲ್ಲಿ ಅತಿ ಸುಲಭವಾಗಿ ಗೆಲ್ಲುವ ಪ್ರಸ್ತಾವ ಇದು, ಏಕೆಂದರೆ ಅದರ ಬೆಲೆ ತೆರುವವರು ಇನ್ನೂ ಕೆಲಸಕ್ಕೇ ಸೇರಿಲ್ಲ, ಅವರಿಗೆ ಮತವಿಲ್ಲ. ಅಮೆರಿಕನ್ ಏರ್‌ಲೈನ್ಸ್ 1983ರಲ್ಲಿ ಅಧ್ಯಕ್ಷ ರಾಬರ್ಟ್ ಕ್ರ್ಯಾಂಡಲ್ ಅವರ ಕಾಲದಲ್ಲಿ ಇಂಥ ಎರಡು ಸ್ತರದ ವೇತನವನ್ನು ತಂದಿತು. ಕೆಳಗಿನ ಸ್ತರವನ್ನು ಉದ್ಯಮದವರು ಬಿ ಸ್ಕೇಲ್ ಎಂದೇ ಕರೆದರು. ವರ್ಷಗಳು ಕಳೆದಂತೆ ಒಂದೇ ವಿಮಾನದಲ್ಲಿ, ಒಂದೇ ಟ್ರಾಲಿಯ ಎರಡು ತುದಿ ಹಿಡಿದವರು ಬೇರೆ ಬೇರೆ ಸಂಬಳಕ್ಕೆ ದುಡಿಯುವಂತಾಯಿತು.

ಬ್ರಿಟಿಷ್ ಏರ್‌ವೇಸ್ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು 2010ರ ಕೊನೆಯಲ್ಲಿ ಮಿಕ್ಸ್ಡ್ ಫ್ಲೀಟ್ ಎಂಬ ಪ್ರತ್ಯೇಕ ಪಡೆಯನ್ನೇ ಆರಂಭಿಸಿತು. ಹೊಸದಾಗಿ ಸೇರಿದವರೆಲ್ಲ ಅಲ್ಲಿಗೆ, ಕಡಿಮೆ ಸಂಬಳಕ್ಕೆ, ಸಮೀಪದ ಮತ್ತು ದೂರದ ಹಾರಾಟಗಳೆರಡನ್ನೂ ಮಾಡುವ ಷರತ್ತಿನ ಮೇಲೆ. ಹಳೆಯ ಪಡೆಗಳಿಗೆ ಹೊಸ ನೇಮಕಾತಿ ನಿಂತಿತು. ಆ ಹೊಸಬರೇ ಕಾಲಾಂತರದಲ್ಲಿ ಸಂಘ ಸೇರಿ 2017ರಲ್ಲಿ ಹಲವು ತಿಂಗಳ ಕಾಲ ಬಿಟ್ಟು ಬಿಟ್ಟು ಮುಷ್ಕರ ಮಾಡಿದರು. ಸಂಸ್ಥೆ ಆಗ ಕತಾರ್ ಏರ್‌ವೇಸ್‌ನಿಂದ ಸಿಬ್ಬಂದಿ ಸಮೇತ ವಿಮಾನಗಳನ್ನು ಬಾಡಿಗೆಗೆ ತಂದಿತು.

ಹಳಬರಿಗೂ ಇದು ಶಾಶ್ವತ ರಕ್ಷಣೆಯಲ್ಲ. ಅಗ್ಗದ ಪಡೆ ಬೆಳೆದಂತೆಲ್ಲ ಹೊಸ ಮಾರ್ಗಗಳು, ಒಳ್ಳೆಯ ಮಾರ್ಗಗಳು ಅದರ ಪಾಲಾಗುತ್ತವೆ, ದುಬಾರಿ ಪಡೆ ಕುಗ್ಗುತ್ತದೆ, ಮುಂದಿನ ಮಾತುಕತೆಯಲ್ಲಿ ಅದರ ದನಿಯೂ ಕುಗ್ಗುತ್ತದೆ. ಬೇರೆ ದಾರಿಯೇ ಇಲ್ಲವೆಂದಾದರೆ ಹೊಸಬರ ಸಂಬಳ ಇಂತಿಷ್ಟು ವರ್ಷಗಳಲ್ಲಿ ಹಳಬರ ಸಂಬಳಕ್ಕೆ ಸಮನಾಗಬೇಕೆಂಬ ಷರತ್ತನ್ನು, ಮಾರ್ಗಗಳ ಹಂಚಿಕೆಯ ಅನುಪಾತವನ್ನು ಒಪ್ಪಂದದಲ್ಲೇ ಬರೆಸಬೇಕು.

ಆಡಳಿತ ವರ್ಗವೂ ತ್ಯಾಗ ಮಾಡಿದೆ ಎಂದು ಹೇಳುವುದನ್ನು ಎಷ್ಟು ನಂಬಬೇಕು?

ಲಿಖಿತ ವಿವರ ಕೈಗೆ ಬಂದಷ್ಟು. ಈ ವಿಷಯದಲ್ಲಿ 2003ರ ಅಮೆರಿಕನ್ ಏರ್‌ಲೈನ್ಸ್ ಪ್ರಕರಣಕ್ಕಿಂತ ದೊಡ್ಡ ಪಾಠವಿಲ್ಲ. ದಿವಾಳಿ ಅರ್ಜಿಯ ಅಂಚಿನಲ್ಲಿದ್ದ ಸಂಸ್ಥೆ ತನ್ನ ಎಲ್ಲ ನೌಕರರಿಂದ ವರ್ಷಕ್ಕೆ ಸುಮಾರು 180 ಕೋಟಿ ಡಾಲರ್ ಉಳಿತಾಯ ಕೇಳಿತು, ಅದರಲ್ಲಿ ಕ್ಯಾಬಿನ್ ಸಿಬ್ಬಂದಿಯ ಪಾಲು 34 ಕೋಟಿ ಡಾಲರ್. ಕ್ಯಾಬಿನ್ ಸಿಬ್ಬಂದಿ ಮೊದಲು ತಿರಸ್ಕರಿಸಿದರು; ಮತದಾನದ ಅವಧಿಯನ್ನು ವಿಸ್ತರಿಸಿದ ನಂತರ ಅಲ್ಪ ಅಂತರದಲ್ಲಿ ಒಪ್ಪಂದ ಅಂಗೀಕಾರವಾಯಿತು. ಅದರ ಬೆನ್ನಲ್ಲೇ ಹೊರಬಿದ್ದ ಸುದ್ದಿಯೆಂದರೆ, ಹಿರಿಯ ಅಧಿಕಾರಿಗಳು ಸಂಸ್ಥೆ ಬಿಟ್ಟು ಹೋಗದಿರಲೆಂದು ಅವರಿಗೆ ದೊಡ್ಡ ಬೋನಸ್ ಗೊತ್ತುಮಾಡಲಾಗಿತ್ತು, ದಿವಾಳಿಯಾದರೂ ಕೈತಪ್ಪದಂತೆ ಅವರ ಪಿಂಚಣಿಯ ಹಣವನ್ನು ಪ್ರತ್ಯೇಕ ಟ್ರಸ್ಟ್‌ನಲ್ಲಿ ಇಡಲಾಗಿತ್ತು. ಮತ ಹಾಕುವಾಗ ಸದಸ್ಯರಿಗೆ ಇದು ಗೊತ್ತಿರಲಿಲ್ಲ. ಬೋನಸ್ ರದ್ದಾಯಿತು, ಮುಖ್ಯಸ್ಥ ಡಾನ್ ಕಾರ್ಟಿ ಕ್ಷಮೆ ಕೇಳಿ ಏಪ್ರಿಲ್ 24ರಂದು ರಾಜೀನಾಮೆ ಕೊಟ್ಟರು, ಒಪ್ಪಂದ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಉಳಿಯಿತು.

ಬ್ರಿಟಿಷ್ ಏರ್‌ವೇಸ್‌ನ ಮುಖ್ಯಸ್ಥ ವಿಲ್ಲಿ ವಾಲ್ಶ್ 2009ರ ಜುಲೈ ತಿಂಗಳ ಸಂಬಳವನ್ನು ಬಿಟ್ಟುಕೊಟ್ಟು, ನೌಕರರೂ ಸ್ವಇಚ್ಛೆಯಿಂದ ಒಂದು ತಿಂಗಳವರೆಗೆ ಸಂಬಳವಿಲ್ಲದೆ ದುಡಿಯುವಂತೆ ಕೇಳಿದ್ದರು. ಒಬ್ಬ ಮುಖ್ಯಸ್ಥರ ಒಂದು ತಿಂಗಳ ಸಂಬಳಕ್ಕೂ ಗ್ಯಾಲಿಯಲ್ಲಿ ದುಡಿಯುವವರ ಒಂದು ತಿಂಗಳ ಸಂಬಳಕ್ಕೂ ಮನೆ ನಡೆಸುವ ಲೆಕ್ಕದಲ್ಲಿ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಸಂಬಳ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಷೇರು ಕೊಡುತ್ತಾರಂತೆ. ತೆಗೆದುಕೊಳ್ಳಬಹುದೇ?

2009ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ಪೈಲಟ್‌ಗಳು ಶೇ 2.61ರಷ್ಟು ವೇತನ ಕಡಿತಕ್ಕೆ ಒಪ್ಪಿ, ಗುರಿ ಮುಟ್ಟಿದರೆ ಷೇರು ಪಡೆಯುವ ಷರತ್ತು ಹಾಕಿಕೊಂಡರು. ಷೇರಿನ ಅಪಾಯಕ್ಕೆ ಉದಾಹರಣೆ ಯುನೈಟೆಡ್ ಏರ್‌ಲೈನ್ಸ್. ಅಲ್ಲಿ 1994ರಲ್ಲಿ ನೌಕರರು ಸುಮಾರು 490 ಕೋಟಿ ಡಾಲರ್ ಮೌಲ್ಯದ ರಿಯಾಯಿತಿಗಳಿಗೆ ಬದಲಾಗಿ ಸಂಸ್ಥೆಯ ಶೇ 55ರಷ್ಟು ಒಡೆತನ ಪಡೆದರು. ಕ್ಯಾಬಿನ್ ಸಿಬ್ಬಂದಿಯ ಸಂಘ ಆ ಯೋಜನೆಯಿಂದ ಹೊರಗುಳಿಯಿತು. 2002ರ ಡಿಸೆಂಬರ್‌ನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿದಾಗ ಆ ಷೇರುಗಳಿಗೆ ಬೆಲೆ ಉಳಿಯಲಿಲ್ಲ. ಸಂಬಳವೂ ಉಳಿತಾಯವೂ ಒಂದೇ ಸಂಸ್ಥೆಯ ಹಣೆಬರಹಕ್ಕೆ ಗಂಟು ಬಿದ್ದಾಗ ಎರಡೂ ಒಟ್ಟಿಗೇ ಮುಳುಗಬಹುದು. ಷೇರನ್ನು ಮೇಲುಗಳಿಕೆ ಎಂದು ಎಣಿಸಬಹುದು, ಬಿಟ್ಟ ಸಂಬಳದ ಬದಲಿ ಎಂದು ಎಣಿಸಬಾರದು.

ಸಂಘ ಒಪ್ಪದಿದ್ದರೂ ಆಡಳಿತ ವರ್ಗ ತಾನೇ ಬದಲಾವಣೆ ಜಾರಿ ಮಾಡಬಹುದೇ?

ಇದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಬ್ರಿಟನ್‌ನಲ್ಲಿ ಸಂಘ ಮತ್ತು ಆಡಳಿತ ವರ್ಗದ ನಡುವಿನ ಸಾಮೂಹಿಕ ಒಪ್ಪಂದ ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಜಾರಿ ಮಾಡಿಸಬಲ್ಲ ಕರಾರಲ್ಲ. ಅದರ ಯಾವ ಅಂಶಗಳು ಪ್ರತಿ ನೌಕರರ ವೈಯಕ್ತಿಕ ಕರಾರಿನೊಳಗೆ ಸೇರಿವೆ ಎಂಬುದೇ ಪ್ರಶ್ನೆಯಾಗುತ್ತದೆ. ಮೇಲೆ ಹೇಳಿದ 15ರಿಂದ 14ಕ್ಕೆ ಇಳಿಸಿದ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದಾಗ, ತಂಡದ ಸಂಖ್ಯೆಯ ಅಂಶ ಒಪ್ಪಂದದಲ್ಲಿ ಇದ್ದದ್ದು ನಿಜವಾದರೂ ಒಬ್ಬೊಬ್ಬ ನೌಕರರು ಅದನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿತು. ಕೆಲವೇ ಜನ ಆ ಅಂಶವನ್ನು ಹಿಡಿದು ನಿಂತರೆ ವಿಮಾನವೇ ಹೊರಡದಂತಾಗುತ್ತದೆ, ಅಂಥ ಉದ್ದೇಶ ಒಪ್ಪಂದ ಮಾಡಿಕೊಂಡವರಿಗೆ ಇದ್ದಿರಲಾರದು ಎಂಬುದು ಆ ತೀರ್ಪಿನ ಒಂದು ಮುಖ್ಯ ಕಾರಣ. ನಿಯಮ ಕಾಗದದ ಮೇಲಿದ್ದರೆ ಸಾಲದು, ಯಾವ ಕಾಗದದ ಮೇಲಿದೆ ಎಂಬುದೂ ಮುಖ್ಯವಾಗುವುದು ಹೀಗೆ.

ಅಮೆರಿಕದಲ್ಲಿ ವಿಮಾನಯಾನ ನೌಕರರು ರೈಲ್ವೆ ಕಾರ್ಮಿಕ ಕಾಯ್ದೆಯ ಅಡಿ ಬರುತ್ತಾರೆ. ಅಲ್ಲಿ ಒಪ್ಪಂದಗಳಿಗೆ ಮುಕ್ತಾಯದ ದಿನವಿಲ್ಲ, ತಿದ್ದುಪಡಿಗೆ ತೆರೆದುಕೊಳ್ಳುವ ದಿನವಷ್ಟೇ ಇರುತ್ತದೆ. ಹೊಸ ಒಪ್ಪಂದವಾಗುವವರೆಗೆ ಹಳೆಯದೇ ನಡೆಯುತ್ತದೆ. ಇದು ಸಂಘಕ್ಕೆ ರಕ್ಷಣೆ. ಆದರೆ ಸಂಸ್ಥೆ ದಿವಾಳಿ ಅರ್ಜಿ ಹಾಕಿದರೆ ಕಥೆ ಬೇರೆ.

ದಿವಾಳಿ ಅರ್ಜಿ ಹಾಕುತ್ತೇವೆ ಎಂಬ ಮಾತು ಬರಿಯ ಬೆದರಿಕೆಯೇ?

ಕೆಲವು ಸಲ ಬೆದರಿಕೆ, ಕೆಲವು ಸಲ ಅಲ್ಲ. ಅಮೆರಿಕದ ದಿವಾಳಿ ಸಂಹಿತೆಯ 1113ನೇ ಸೆಕ್ಷನ್ ಪ್ರಕಾರ, ಸಂಘದೊಂದಿಗೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಿಯೂ ಫಲ ಸಿಗದಿದ್ದರೆ ಸಾಮೂಹಿಕ ಒಪ್ಪಂದವನ್ನು ತಿರಸ್ಕರಿಸಲು ಸಂಸ್ಥೆಗೆ ನ್ಯಾಯಾಲಯ ಅನುಮತಿ ಕೊಡಬಹುದು. ಯುನೈಟೆಡ್‌ನ ದಿವಾಳಿಯಲ್ಲಿ ಸಂಬಳ ಕಡಿತಗಳ ಮೇಲೆ 2005ರ ಮೇ ತಿಂಗಳಿನಲ್ಲಿ ಪಿಂಚಣಿ ಯೋಜನೆಗಳನ್ನೇ ಕೈಬಿಡಲು ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಆ ಯೋಜನೆಗಳಲ್ಲಿ ಸುಮಾರು 980 ಕೋಟಿ ಡಾಲರ್ ಕೊರತೆಯಿತ್ತು. ಸರ್ಕಾರದ ಪಿಂಚಣಿ ವಿಮಾ ನಿಗಮ ಅದರಲ್ಲಿ ಸುಮಾರು 660 ಕೋಟಿಯಷ್ಟನ್ನು ಮಾತ್ರ ಹೊತ್ತುಕೊಂಡಿತು. ಉಳಿದದ್ದು ನೌಕರರು ಮತ್ತು ನಿವೃತ್ತರು ಕಳೆದುಕೊಂಡ ಹಣ. ಬೆದರಿಕೆಯನ್ನು ತೂಗಿನೋಡಲು ಇರುವುದು ಒಂದೇ ದಾರಿ: ಸಂಸ್ಥೆಯ ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು, ಯಾವ ಸಾಲ ಯಾವಾಗ ತೀರಿಸಬೇಕು ಎಂಬುದನ್ನು ನೋಡುವುದು.

ಮುಷ್ಕರ ಮಾಡಿದರೆ ಆಗುವುದಿಲ್ಲವೇ?

ಮುಷ್ಕರಕ್ಕೆ ಬಲವಿದೆ, ಅದರಷ್ಟೇ ಬೆಲೆಯೂ ಇದೆ. 1993ರ ನವೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಕ್ಯಾಬಿನ್ ಸಿಬ್ಬಂದಿ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪ್ರಯಾಣದ ದಟ್ಟಣೆಗೆ ಮೊದಲು ಮುಷ್ಕರ ಹೂಡಿದರು; ಐದನೇ ದಿನಕ್ಕೆ ಅಧ್ಯಕ್ಷ ಕ್ಲಿಂಟನ್ ಮಧ್ಯ ಪ್ರವೇಶಿಸಿ, ವಿವಾದವನ್ನು ಪಂಚಾಯ್ತಿ ತೀರ್ಪಿಗೆ, ಅಂದರೆ ಇಬ್ಬರೂ ಪಾಲಿಸಲೇಬೇಕಾದ ಮೂರನೆಯವರ ತೀರ್ಪಿಗೆ, ಒಪ್ಪಿಸುವಂತೆ ಮಾಡಿದರು. ಅಷ್ಟು ಬೇಗ ಫಲ ಸಿಗುವುದು ಅಪರೂಪ.

ಬ್ರಿಟಿಷ್ ಏರ್‌ವೇಸ್‌ನಲ್ಲಿ ಆದದ್ದನ್ನು ನೋಡಿ. 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸಂಸ್ಥೆ 40.1 ಕೋಟಿ ಪೌಂಡ್ ನಷ್ಟ ತೋರಿಸಿತ್ತು. ಯುನೈಟ್ ಸಂಘದ ಅಡಿಯ ಬಾಸಾ ಎಂಬ ಕ್ಯಾಬಿನ್ ಸಿಬ್ಬಂದಿ ಶಾಖೆ 2009ರ ಡಿಸೆಂಬರ್‌ನಲ್ಲಿ ನಡೆಸಿದ ಮತದಾನದಲ್ಲಿ ಶೇ 92.5ರಷ್ಟು ಜನ ಮುಷ್ಕರದ ಪರ ನಿಂತರು, ಕ್ರಿಸ್‌ಮಸ್ ಕಾಲದಲ್ಲಿ 12 ದಿನಗಳ ಮುಷ್ಕರ ಘೋಷಣೆಯಾಯಿತು. ಆದರೆ ಸ್ವಯಂ ನಿವೃತ್ತಿ ಪಡೆದು ಹೊರಡಲಿದ್ದವರಿಗೂ ಮತಪತ್ರ ಹೋಗಿತ್ತೆಂಬ ಕಾರಣಕ್ಕೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮುಂದಿನ ವರ್ಷ ಮತ್ತೆ ಮತದಾನ ನಡೆಸಿ ಮಾರ್ಚ್‌ನಿಂದ ಜೂನ್‌ವರೆಗೆ ಒಟ್ಟು 22 ದಿನ ಮುಷ್ಕರ ನಡೆಯಿತು. ನಡುವೆ ಮೇ ತಿಂಗಳಿನಲ್ಲಿ, 11 ಕುಲಗೆಟ್ಟ ಮತಗಳ ಮಾಹಿತಿಯನ್ನು ಸದಸ್ಯರಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಮತ್ತೊಂದು ತಡೆಯಾಜ್ಞೆ ಬಂದು, ಕೆಲವೇ ದಿನಗಳಲ್ಲಿ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಮತದಾನದ ಕಾಗದಪತ್ರಗಳಲ್ಲಿ ಸಂಘ ಎಷ್ಟು ಎಚ್ಚರದಿಂದಿರಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಸಂಸ್ಥೆಗೆ ಸುಮಾರು 15 ಕೋಟಿ ಪೌಂಡ್ ಹೊರೆ ಬಿತ್ತು. ಅದು ಬೇರೆ ವಿಭಾಗದ ನೌಕರರಿಗೆ ತರಬೇತಿ ಕೊಟ್ಟು ಅವರನ್ನೇ ಕ್ಯಾಬಿನ್‌ಗೆ ಇಳಿಸಿತು, ಮುಷ್ಕರದಲ್ಲಿ ಪಾಲ್ಗೊಂಡವರ ರಿಯಾಯಿತಿ ಪ್ರಯಾಣದ ಸೌಲಭ್ಯವನ್ನು ಕಿತ್ತುಕೊಂಡಿತು. ದೂರದ ಊರಿನಿಂದ ಆ ಟಿಕೆಟ್‌ನಲ್ಲೇ ಕೆಲಸಕ್ಕೆ ಬರುತ್ತಿದ್ದವರಿಗೆ ಅದು ಸಂಬಳ ಕಡಿತಕ್ಕಿಂತ ದೊಡ್ಡ ಪೆಟ್ಟು. ಹಾಗಾಗಿ ಉಳಿತಾಯದ ಮೊತ್ತದ ಬಗ್ಗೆ ಶುರುವಾದ ಜಗಳ ಆ ಸೌಲಭ್ಯದ ಜಗಳವಾಗಿ ಇನ್ನೊಂದು ವರ್ಷ ಎಳೆಯಿತು. ಕೊನೆಗೆ ಹೊಸ ಮುಖ್ಯಸ್ಥ ಕೀತ್ ವಿಲಿಯಮ್ಸ್ ಮತ್ತು ಯುನೈಟ್‌ನ ಲೆನ್ ಮೆಕ್ಲಸ್ಕಿ 2011ರಲ್ಲಿ ಒಪ್ಪಂದಕ್ಕೆ ಬಂದರು, ಸದಸ್ಯರು ಭಾರೀ ಬಹುಮತದಿಂದ ಒಪ್ಪಿದರು, ಪ್ರಯಾಣ ಸೌಲಭ್ಯ ಮರಳಿತು. ಆದರೆ ವಿಮಾನದಲ್ಲಿನ ಸಿಬ್ಬಂದಿ ಸಂಖ್ಯೆ ಹಳೆಯ ಮಟ್ಟಕ್ಕೆ ಮರಳಲಿಲ್ಲ, ಮಿಕ್ಸ್ಡ್ ಫ್ಲೀಟ್ ಉಳಿಯಿತು.

ಸಂಘದ ಸದಸ್ಯರಲ್ಲದವರಿಗೂ ಒಪ್ಪಂದ ಅನ್ವಯಿಸುತ್ತದೆಯೇ?

ಸಾಮಾನ್ಯವಾಗಿ ಅನ್ವಯಿಸುತ್ತದೆ, ಏಕೆಂದರೆ ಒಪ್ಪಂದವಾಗುವುದು ಇಡೀ ವಿಭಾಗದ ಸಿಬ್ಬಂದಿಯ ಬಗ್ಗೆ. ಅಂಗೀಕಾರದ ಮತದಾನ ಮಾತ್ರ ಹೆಚ್ಚಿನ ಕಡೆ ಸದಸ್ಯರಿಗೆ ಸೀಮಿತ.

ಪ್ರಯಾಣಿಕರು ಇದನ್ನೆಲ್ಲ ಏಕೆ ತಿಳಿದುಕೊಳ್ಳಬೇಕು?

ಮುಷ್ಕರದ ದಿನ ವಿಮಾನ ರದ್ದಾಗುವುದಷ್ಟೇ ಅವರಿಗೆ ಕಾಣುತ್ತದೆ. ಕಾಣದಿರುವುದು ಇನ್ನೊಂದಿದೆ: ವಿಶ್ರಾಂತಿ ಕಡಿಮೆಯಾದ ಸಿಬ್ಬಂದಿಯೇ ತುರ್ತು ಬಾಗಿಲಿನ ಪಕ್ಕದ ಜಂಪ್‌ಸೀಟ್‌ನಲ್ಲಿ, ಅಂದರೆ ಸಿಬ್ಬಂದಿಯ ಮಡಚುವ ಆಸನದಲ್ಲಿ, ಕುಳಿತಿರುತ್ತಾರೆ.

ಕರಡು ಒಪ್ಪಂದ ಕೈಗೆ ಬಂದಾಗ ಮೊದಲು ಏನನ್ನು ಓದಬೇಕು?

ಸಾರಾಂಶದ ಹಾಳೆಯನ್ನು ಪಕ್ಕಕ್ಕಿಟ್ಟು ಪೂರ್ಣ ಪಠ್ಯವನ್ನು ಓದಬೇಕು, ಅದರಲ್ಲೂ ಜಾರಿಯ ದಿನಾಂಕಗಳನ್ನು. ಕಡಿತಗಳು ತಕ್ಷಣದಿಂದ, ಪ್ರತಿಫಲಗಳು ಎರಡು ವರ್ಷದ ನಂತರ ಎಂದಿದ್ದರೆ ಆ ಅಂತರದಲ್ಲಿ ಏನಾಗಬಹುದೆಂದು ಕೇಳಬೇಕು. ಕಾರ್ಯಾಚರಣೆಯ ಅಗತ್ಯಕ್ಕೆ ಅನುಗುಣವಾಗಿ ಎಂಬ ಮಾತು ಬಂದಲ್ಲೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ, ಏಕೆಂದರೆ ಅಗತ್ಯವನ್ನು ನಿರ್ಧರಿಸುವವರು ಆಡಳಿತ ವರ್ಗದವರೇ. ನಂತರ ಕಳೆದ ಮೂರು ತಿಂಗಳ ನಿಮ್ಮ ಸ್ವಂತ ರೋಸ್ಟರ್ ತೆಗೆದು, ಹೊಸ ನಿಯಮಗಳು ಆಗಲೇ ಜಾರಿಯಲ್ಲಿದ್ದಿದ್ದರೆ ಎಷ್ಟು ಹಣ ಬರುತ್ತಿತ್ತು, ಎಷ್ಟು ರಾತ್ರಿ ಮನೆಯಲ್ಲಿರುತ್ತಿದ್ದಿರಿ ಎಂದು ಲೆಕ್ಕ ಹಾಕಿ. ಸರಾಸರಿ ನೌಕರರಿಗೆ ಆಗುವ ಪರಿಣಾಮ ಎಂದು ಎರಡೂ ಕಡೆಯವರು ಕೊಡುವ ಅಂಕಿಗಿಂತ ಇದು ಹೆಚ್ಚು ಉಪಯುಕ್ತ. ಹಾರುವ ಕೆಲಸದಲ್ಲಿ ಸರಾಸರಿ ನೌಕರರೆಂಬವರು ಯಾರೂ ಇಲ್ಲ.

ಸದಸ್ಯರು ಬೇಡ ಎಂದರೆ ಮುಂದೇನಾಗುತ್ತದೆ?

ಮತ್ತೆ ಮಾತುಕತೆ ಶುರುವಾಗುತ್ತದೆ ಎಂದೇ ಎಲ್ಲರೂ ಭಾವಿಸುತ್ತಾರೆ, ಆದರೆ ಯಾವಾಗಲೂ ಹಾಗಾಗುವುದಿಲ್ಲ. ಏರ್ ಕೆನಡಾದ 2025ರ ಮುಷ್ಕರದಲ್ಲಿ ಸರ್ಕಾರ ಕೆನಡಾದ ಕಾರ್ಮಿಕ ಸಂಹಿತೆಯ 107ನೇ ಸೆಕ್ಷನ್ ಬಳಸಿ ಕೆಲಸಕ್ಕೆ ಮರಳುವಂತೆ ಮಾಡಲು ಹೊರಟಾಗ ಸಂಘ ಅದನ್ನು ಧಿಕ್ಕರಿಸಿತು, ಮಧ್ಯವರ್ತಿಗಳ ನೆರವಿನಿಂದ ಆಗಸ್ಟ್ 19ರಂದು ಒಪ್ಪಂದವಾಯಿತು. ಆನಂತರದ ಮತದಾನದಲ್ಲಿ ವೇತನದ ಭಾಗವನ್ನು ಶೇ 99.1ರಷ್ಟು ಸದಸ್ಯರು ತಿರಸ್ಕರಿಸಿದರು. ಆದರೂ ಮತ್ತೆ ಮುಷ್ಕರ ಹೂಡುವಂತಿರಲಿಲ್ಲ, ಏಕೆಂದರೆ ವೇತನದ ಭಾಗ ತಿರಸ್ಕೃತವಾದರೆ ಅದನ್ನಷ್ಟೇ ಮಧ್ಯಸ್ಥಿಕೆಗೆ, ಅಲ್ಲೂ ಬಗೆಹರಿಯದಿದ್ದರೆ ಪಂಚಾಯ್ತಿ ತೀರ್ಪಿಗೆ ಒಪ್ಪಿಸಬೇಕೆಂದು, ಉಳಿದದ್ದೆಲ್ಲ ಜಾರಿಗೆ ಬರಬೇಕೆಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿದ್ದರು. ಆದ್ದರಿಂದ ಮತಪತ್ರದಲ್ಲಿ ಬೇಡ ಎಂಬ ಚೌಕಕ್ಕೆ ಗುರುತು ಹಾಕಿದರೆ ಮುಂದೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ ಎಂಬುದನ್ನು ಮತದಾನಕ್ಕೆ ಮೊದಲೇ ಸಂಘದ ಪ್ರತಿನಿಧಿಗಳಿಂದ ಲಿಖಿತವಾಗಿ ಕೇಳಿ ಪಡೆಯಬೇಕು.